ಕಾಳವ್ವನ ಎಡಗೈ ತೋರುಬೆರಳು

ಕಾಳವ್ವ ನಮ್ಮ ಮನೆಗೆ ಬರತೊಡಗಿ ಬಹಳ ದಿನಗಳವರೆಗೆ ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಅವ್ವ ಅವಳನ್ನು ‘ಎರಿಯಾಕಿ’ ಎನ್ನುತ್ತಿದ್ದಳು. ಎರಿಯಾಕಿ ಬಂದಳು, ನೀರು ಕಾಯಲಿಕ್ಕೆ ಇಡು. ಎರಿಯಾಕಿಗೆ ಚಹಾ ಕೊಡು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದು ಅವಳ ಕೆಲಸ. ಗಾಂಧಿ ಚೌಕದ ಹಿಂದಿನ ಓಣಿಗಳಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಆಸ್ಪತ್ರೆಯಿಂದ ಬರುವ ಮೊದಲೇ ಅವಳಿಗೆ ಸುದ್ದಿ ಹೋಗಿರುತ್ತದೆ. ನಾನು ಹೆರಿಗೆಗೆಂದು ತವರಿಗೆ ಬಂದವಳು. ಕೂಸಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ನನಗೆ ನಿದ್ದೆ ಎನ್ನುವುದು ಯಾವುದೋ ಹಿಂದಿನ ಕಾಲದ ಸಂಗತಿಯಂತೆ ಅನ್ನಿಸತೊಡಗಿತ್ತು. ಹೊರಗೆ ಮೇ ತಿಂಗಳ ವಿಜಯಪುರದ ಬಿಸಿಲು, ಒಳಗೆ ನೀರಿಲ್ಲದೆ ಒಣಗಿ ಗಡಗಡ ಎನ್ನುವ ಕೂಲರು. ಕೂಸು ಅತ್ತರೆ ಯಾಕೆ ಅತ್ತಿತು ಎಂದು ಚಿಂತೆ. ಅಳದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡುವುದು.

ಅಂಥ ದಿನಗಳಲ್ಲಿ ಬೆಳಿಗ್ಗೆ ಕಾಳವ್ವ ಬಂದು ಸೀರೆ ಮೊಣಕಾಲಿನ ತನಕ ಎತ್ತಿಕಟ್ಟಿ, ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆ ನನಗೆ ಅರ್ಧ ಗಂಟೆ ಬಿಡುವು. ಅವಳು ಎಡಚಿ. ಎಣ್ಣೆ ಬಗ್ಗಿಸುವುದು, ತಲೆ ತಟ್ಟುವುದು, ಮೂಗು ತೀಡುವುದು ಎಲ್ಲವೂ ಎಡಗೈಯಲ್ಲಿ. ಸ್ನಾನದ ಕೊನೆಗೆ ಎಡಗೈ ತೋರುಬೆರಳನ್ನು ಕೂಸಿನ ಬಾಯೊಳಗೆ ಹಾಕಿ ಮೇಲಿನ ಅಂಗುಳವನ್ನು ಮೆಲ್ಲಗೆ ಒತ್ತುತ್ತಾಳೆ. ಹಾಗೆ ಒತ್ತದಿದ್ದರೆ ಅಂಗುಳ ಇಳಿದು ಕೂಸು ಮೊಲೆ ಹಿಡಿಯುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಡಾಕ್ಟರು ಬೇಡ ಎನ್ನುತ್ತಾರೆ. ಆದರೆ ಮೊದಲ ವಾರ ಹಾಲು ಹಿಡಿಯದೆ ಕಿರುಚುತ್ತಿದ್ದ ನನ್ನ ಕೂಸು ಕಾಳವ್ವ ಬಂದು ಒತ್ತಿದ ದಿನವೇ ಗಟಗಟನೆ ಕುಡಿಯಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ, ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡೆ.

ಅವಳು ಹುಟ್ಟಿದ್ದು ಮಮದಾಪುರದಲ್ಲಿ. ಸಣ್ಣಾಕಿ ಇದ್ದಾಗ ಕೆರೆಯ ದಂಡೆಯ ಮೇಲೆ ಆಡು ಕಾಯುತ್ತಿದ್ದಳಂತೆ. ಮದುವೆಯಾಗಿ ಹೋದದ್ದು ತಿಕೋಟಾಕ್ಕೆ. ಅತ್ತೆ ಲಕ್ಕವ್ವ ಅಲ್ಲಿ ಕೂಸು ಎರೆಯುವುದರಲ್ಲಿ ಹೆಸರಾದವಳು. ಎಡಗೈ ಸೊಸೆಯನ್ನು ಮೊದಮೊದಲು ಬಚ್ಚಲ ಹತ್ತಿರವೂ ಬಿಡಲಿಲ್ಲವಂತೆ. ಕೊನೆಗೆ ಲಕ್ಕವ್ವನ ಬೆನ್ನು ಹಿಡಿದುಕೊಂಡು ಏಳಲಾಗದ ಒಂದು ದಿನ, ದ್ರಾಕ್ಷಿ ತೋಟದವರ ಮನೆಯ ಕೂಸೊಂದು ಕಾಯುತ್ತಿದ್ದಾಗ, ಕಾಳವ್ವನೇ ಹೋಗಿ ಎರೆದು ಬಂದಳು. ಆಮೇಲೆ ಎಡಗೈಯ ಮಾತು ಬರಲಿಲ್ಲ. ಗಂಡ ಯಲ್ಲಾಲಿಂಗ ಗಾಂಧಿ ಚೌಕದ ಕಾಳಿನ ಅಂಗಡಿಗಳಲ್ಲಿ ಹಮಾಲಿಗೆ ಬಂದಾಗ ಇವಳೂ ಜೊತೆಗೆ ಬಂದಳು. ಈಗ ಅವನಿಗೆ ಚೀಲ ಎತ್ತಲಾಗುವುದಿಲ್ಲ. ಮನೆ ನಡೆಯುವುದು ಇವಳ ಕೈಯಿಂದ.

ಮತದಾನಕ್ಕೆ ಹತ್ತು ದಿನ ಇದ್ದಾಗ ನನ್ನ ಗಂಡ ಚೇತನಕುಮಾರ ಬಬಲೇಶ್ವರದಿಂದ ಬಂದಿದ್ದರು. ಅವರು ಅಲ್ಲಿನ ಹೈಸ್ಕೂಲಿನಲ್ಲಿ ಮಾಸ್ತರು. ಪ್ರತಿ ಚುನಾವಣೆಗೂ ಡ್ಯೂಟಿ ಬೀಳುತ್ತದೆ. ಲೋಕಸಭೆ ಚುನಾವಣೆಯ ತರಬೇತಿ ಮುಗಿಸಿಕೊಂಡು ನೇರವಾಗಿ ನಮ್ಮಲ್ಲಿಗೆ ಬಂದವರು ಅಂಗಿ ಬಿಚ್ಚುವ ಮೊದಲೇ ಜನರನ್ನು ಬೈಯತೊಡಗಿದರು.

“ಸುಡು ಬಿಸಲಾಗ ನಾವು ಮಷೀನ್ ಹೊತಗೊಂಡ ಹೋಗಬೇಕು, ಮಂದಿ ಮನ್ಯಾಗ ಫ್ಯಾನ್ ಹಾಕ್ಕೊಂಡ ಮಲಗತಾರ. ಮರದಿನ ಮತ್ತ ಅವ್ರ ಕೇಳತಾರ, ರಸ್ತಾ ಯಾಕ ಹಿಂಗೈತಿ, ನೀರ ಯಾಕ ಬರ್ಲಿಲ್ಲ ಅಂತ.” ಬಚ್ಚಲಿನಿಂದ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ಕಾಳವ್ವನ ಕಡೆ ತಿರುಗಿ, “ಏನ್ ಬೇ, ನಿಂದು ವೋಟು ಇಲ್ಲೇ ಐತೋ, ತಿಕೋಟಾದಾಗ ಐತೋ?” ಎಂದರು.

“ಇಲ್ಲೇ ಐತ್ರಿ. ನಾ ಹಾಕಂಗಿಲ್ರಿ.”

“ಯಾಕ?”

“ಒಲ್ಲೆ ಅಂದ್ರ ಒಲ್ಲೆ ನೋಡ್ರಿ.”

“ಹಂಗಂದ್ರ ಹೆಂಗ? ವೋಟು ಹಾಕಲಾರದವ್ರು ಊರಾಗ ಇದ್ರೂ ಇಲ್ಲದಂಗ. ನಿನ್ನಂಥಾಕಿ ಒಬ್ಬಾಕಿ ಹಾಕ್ಲಿಲ್ಲ ಅಂದ್ರ ಏನಾತು ಅಂತ ಎಲ್ಲಾರೂ ಕುಂತ್ರ?”

ಕಾಳವ್ವ ಕೂಸನ್ನು ನನ್ನ ತೊಡೆಯ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗಿ, ಎಡಗೈ ತೋರುಬೆರಳನ್ನು ಎತ್ತಿ ತೋರಿಸಿದಳು. “ಮಾಸ್ತರ್ರ, ನಿಮ್ಮ ಬಳ್ಳಿಗೆ ಶಾಯಿ ಹಚ್ಚಿದ್ರ ಸಾಲಿಯವ್ರು ನಿಮ್ಮನ್ನ ಕೆಲಸಾ ಬಿಡಸ್ತಾರೇನ್ರಿ?”

“ಯಾಕ ಬಿಡಸ್ತಾರ?”

“ನನ್ನ ಬಿಡಸ್ತಾರ್ರಿ,” ಎಂದು ಅವಳು ಚಹಾದ ಲೋಟ ತೆಗೆದುಕೊಂಡು ಹಿತ್ತಲ ಕಡೆ ಹೋಗಿಬಿಟ್ಟಳು. ನಮ್ಮವರು ನಕ್ಕರು. ಅವಳ ಮಾತು ಅವರಿಗೆ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ.

ಮರುದಿನ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಅವಳೇ ಹೇಳಿದಳು. ಆರೇಳು ವರ್ಷದ ಹಿಂದೆ ಒಂದು ಚುನಾವಣೆಯಲ್ಲಿ ಮತ ಹಾಕಿ, ಶಾಯಿ ಹಚ್ಚಿದ ಬೆರಳಿನಲ್ಲೇ ಕೂಸುಗಳನ್ನು ಎರೆಯಲು ಹೋಗಿದ್ದಳು. ಒಂದು ಮನೆಯ ಕೂಸಿಗೆ ಎರಡು ದಿನದಲ್ಲಿ ನಾಲಿಗೆಯ ಮೇಲೆ ಬಿಳಿ ಪದರು ಬಂತು. ಅದು ಹಾಲು ಕುಡಿಯುವ ಕೂಸುಗಳಿಗೆ ಬರುವಂಥದ್ದೇ. ಆದರೆ ಆ ಮನೆಯವರು ವೋಟಿನ ಶಾಯಿಯ ವಿಷ ಎಂದರು. ಮಾತು ಓಣಿಯಿಂದ ಓಣಿಗೆ ಹೋಯಿತು. ಎಲ್ಲರೂ ಒಂದೇ ಮಾತು: ಬೆರಳು ಸ್ವಚ್ಛ ಆದ ಮೇಲೆ ಬಾ.

“ಸ್ವಚ್ಛ ಆಗಲಿ ಅಂತ ನಿಂಬಿಹಣ್ಣು ತಿಕ್ಕಿದೆ, ಸುಣ್ಣಾ ತಿಕ್ಕಿದೆ, ಅರಿವಿ ಒಗಿಯೋ ಪುಡಿ ತಿಕ್ಕಿದೆ. ಶಾಯಿ ಹೋಗಲಿಲ್ಲ, ತೊಗಲ ಹೋತು. ತೊಗಲ ಹೋದ ಬಳ್ಳ ಯಾರ ಬಾಯಾಗ ಹಾಕಸ್ಕೋತಾರವ್ವಾ? ಆ ಉಗುರು ಪೂರ್ತಿ ಬೆಳದ ಬರೂತನಕ ಮನ್ಯಾಗ ಕುಂತೆ. ಎರಡ ಮನಿ ಹೋದವು, ವಾಪಸ್ ಬರಲೇ ಇಲ್ಲ.”

“ಬಲಗೈಲೆ ಮಾಡಬೇಕಿತ್ತು.”

“ನೀ ಎಡಗೈಲೆ ಬರದು ತೋರಸು ನೋಡೂಣು.”

ಅಂದಿನಿಂದ ಅವಳು ಮತಗಟ್ಟೆಯ ಕಡೆ ಹೋಗಿಲ್ಲ. ಆದರೆ ಮೊದಲು ಹಾಗಿರಲಿಲ್ಲ. ತಿಕೋಟಾದಲ್ಲಿ ಮೊದಲ ಸಲ ಮತ ಹಾಕಿದ್ದನ್ನು ಅವಳು ಹೇಳುವಾಗ ನನ್ನ ಬೆನ್ನ ಮೇಲಿನ ಕೈ ನಿಂತುಬಿಟ್ಟಿತ್ತು. ಯಾವ ಗುರುತಿಗೆ ಮುದ್ರೆ ಒತ್ತಬೇಕೆಂದು ಅತ್ತೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳಂತೆ.

“ಹೂಂ ಹೂಂ ಅನಕೋತ ಹೋದೆ. ಒಳಗ ಹೋಗಿ ನನಗ ತಿಳದಾಂವಗ ಒತ್ತಿದೆ. ಮನ್ಯಾಗ ಹಾಲ ಕಾಸಬೇಕಂದ್ರೂ ಆಕಿನ್ನ ಕೇಳಬೇಕಿತ್ತ ನೋಡವಾ. ಅಲ್ಲಿ ಯಾರನ್ನೂ ಕೇಳಲಿಲ್ಲ.” ಅವಳು ಸಣ್ಣಗೆ ನಕ್ಕಳು. “ಮತ್ತ ಅಲ್ಲಿ ಕುಂತಾಂವ ಒದರ್ತಾನಲಾ, ಕಾಳವ್ವ, ಗಂಡ ಯಲ್ಲಾಲಿಂಗ, ಅಂತ. ಅಷ್ಟ ಮಂದಿಯೊಳಗ. ಇಲ್ಲಿ ನನ್ನ ಹೆಸರ ಯಾರ ಕರೀತಾರ?”

ಆ ದಿನದಿಂದ ನಾನು ಅವಳನ್ನು ಕಾಳವ್ವ ಎಂದೇ ಕರೆಯುತ್ತೇನೆ. ಅವ್ವ ಈಗಲೂ ಎರಿಯಾಕಿ ಎನ್ನುತ್ತಾಳೆ.

ಮತದಾನದ ಹಿಂದಿನ ದಿನ ಅವಳು ಬಂದಾಗ ಮುಖ ಬೇರೆಯಾಗಿತ್ತು. ಓಣಿಯಲ್ಲಿ ಮತದಾರರ ಚೀಟಿ ಹಂಚಲು ಬಂದ ಹುಡುಗನೊಬ್ಬ ಇವಳನ್ನು ನೋಡಿ, “ಆಯೀ, ನೀ ಅದೀ ಏನ್? ಮೂರ ಎಲೆಕ್ಷನ್ ಬರ್ಲಿಲ್ಲಂತ, ಸತ್ತೀ ಅನಕೊಂಡಿದ್ವಿ,” ಎಂದು ನಕ್ಕನಂತೆ. ಅವಳು ಅವನಿಗೆ ಬೈದು ಚೀಟಿ ಇಸಿದುಕೊಂಡಿದ್ದಳು. ಆದರೆ ಆ ಮಾತು ಒಳಗೆ ಉಳಿದಿತ್ತು. ಅದರ ಮೇಲೆ ನಮ್ಮವರು ಅಂದ ಮಾತೂ ಇತ್ತು. ಇದ್ದರೂ ಇಲ್ಲದಂತೆ.

ಕೂಸನ್ನು ಒರೆಸಿ ನನ್ನ ಕೈಗೆ ಕೊಡುವಾಗ ಅವಳು ಕೇಳಿದಳು. “ನಂದಾ, ಒಂದ ಮಾತ ಕೇಳ್ತೇನಿ, ಖರೇ ಹೇಳಬೇಕು. ನಾಳೆ ಶಾಯಿ ಹಚ್ಚಿಸಿಕೊಂಡ ಬಂದ್ರ ಕೂಸಿನ್ನ ನನ್ನ ಕೈಯಾಗ ಕೊಡ್ತೀಯೇನು?”

ನಾನು ಕೂಸಿನ ತಲೆ ಒರೆಸುತ್ತ ಕುಳಿತೆ.

“ನಿನ್ನ ಒಬ್ಬಾಕಿನ್ನ ಕೇಳಾಕತ್ತಿಲ್ಲ. ಈಗ ನಾಲ್ಕ ಮನಿ ನಡದಾವ. ಎಲ್ಲಾ ಕಡೆ ಕೇಳಾಕತ್ತೇನಿ. ಶಾಹೀನ ಹೂಂ ಅಂದ್ಲು. ಏನಂದ್ಲು ಗೊತ್ತೈತೇನು? ‘ನನಗೂ ಶಾಯಿ ಹಚ್ತಾರ. ಹಂಗಂತ ನಾ ನನ್ನ ಕೂಸಿನ ಮುಟ್ಟಂಗಿಲ್ಲೇನು? ಹೋಗಿ ಬಾ’ ಅಂದ್ಲು. ಉಳದ ಎರಡ ಮನಿಯವ್ರು ನೋಡೂಣು ಅಂದಾರ. ನೀ ಹೂಂ ಅಂದ್ರ ಅವ್ರೂ ಹೂಂ ಅಂತಾರ. ಕಾಲೇಜ ಕಲ್ತಾಕಿ ಕೊಡಾಕತ್ತಾಳಂದ್ರ ಏನೂ ಆಗಂಗಿಲ್ಲ ಅಂತಾರ.”

“ಸಂಜಿಗೆ ಹೇಳ್ತೀನಿ,” ಎಂದೆ.

“ಸಂಜೀಕ ಬರ್ತೇನಿ,” ಎಂದು ಅವಳು ಹೋದಳು.

ಶಾಹೀನ ಎರಡು ಮನೆ ಆಚೆಯವಳು. ಅವಳ ಕೂಸು ನನ್ನದಕ್ಕಿಂತ ಒಂದು ತಿಂಗಳು ಸಣ್ಣದು. ಅಷ್ಟು ಸಲೀಸಾಗಿ ಹೂಂ ಎನ್ನುವ ಧೈರ್ಯ ಅವಳಿಗೆ ಎಲ್ಲಿಂದ ಬಂತೆಂದು ನಾನು ಮಧ್ಯಾಹ್ನವೆಲ್ಲ ಯೋಚಿಸಿದೆ. ಮೊಬೈಲಿನಲ್ಲಿ ಹುಡುಕಿದೆ. ಶಾಯಿಯಲ್ಲಿ ಬೆಳ್ಳಿಯ ಲವಣ ಇರುತ್ತದೆ ಎಂದಿತ್ತು. ಬೆಳ್ಳಿ ಎಂದರೆ ಒಳ್ಳೆಯದೇ ಅಲ್ಲವೇ ಎನ್ನಿಸಿತು. ಕೆಳಗೆ ಓದಿದರೆ ಚರ್ಮ, ಕಣ್ಣು, ಉರಿ ಎಂದೇನೇನೋ ಇತ್ತು. ಅದು ಹಸಿ ಶಾಯಿಯ ಮಾತೋ ಒಣಗಿದ್ದರದೋ ತಿಳಿಯಲಿಲ್ಲ. ಕೂಸಿನ ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಬೇಸರದಿಂದಲೇ, “ಒಣಗಿದ ಮ್ಯಾಲೆ ಅದು ಬಿಟ್ಟು ಬರೂದಿಲ್ಲಮ್ಮ, ಏನಾಗೂದಿಲ್ಲ. ಆದ್ರ ಶಾಯಿ ಇರ್ಲಿ ಬಿಡ್ಲಿ, ಕೂಸಿನ ಬಾಯಾಗ ಬೆರಳು ಯಾಕ ಹಾಕಸ್ತೀರಿ ನೀವು?” ಎಂದರು. ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಆದರೆ ಬೈಸಿಕೊಂಡದ್ದೇ ತಲೆಯಲ್ಲಿ ಉಳಿಯಿತು.

ನಮ್ಮವರಿಗೂ ಫೋನು ಹಚ್ಚಿದೆ. ಅವರು ಇಂಡಿ ಕಡೆಯ ಯಾವುದೋ ಊರಿಗೆ ಹೋಗುವ ಬಸ್ಸಿನಲ್ಲಿದ್ದರು, ಮಡಿಲಲ್ಲಿ ಮಷೀನು. ಹಿಂದೆ ಗದ್ದಲ.

“ಕಾಳವ್ವ ವೋಟು ಹಾಕ್ತೀನಂತಾಳ್ರಿ,” ಎಂದೆ.

“ಭೇಷ್! ಹೇಳಿದ್ದು ನಾಟೈತಿ ನೋಡು.”

“ಶಾಯಿ ಬಳ್ಳಿಲೆ ಕೂಸಿನ ಎರದ್ರ ನಡೀತೈತೇನು ಅಂತ ಕೇಳ್ಯಾಳ. ಡಾಕ್ಟರ್ ಏನೂ ಆಗಂಗಿಲ್ಲ ಅಂದ್ರು.”

ಅವರು ದನಿ ತಗ್ಗಿಸಿದರು.

“ಅಲ್ಲ ನಂದಾ, ಬಾಯಾಗ ಹಾಕ್ತಾಳಲ್ಲ ಆಕಿ? ಆಗಂಗಿಲ್ಲ ಅಂತಾರ, ಆದ್ರ? ಸುಮ್ನ ಯಾಕ ರಿಸ್ಕ್? ಒಂದ ಹದಿನೈದ ದಿನಾ ನಿಮ್ಮವ್ವಾರೇ ಎರೀಲಿ. ಇಲ್ಲಾ ಬ್ಯಾರೆ ಯಾರನರ ನೋಡ್ರಿ. ಆಮ್ಯಾಲ ಆಕಿನ್ನ ಕರಕೊಂಡ್ರಾತು.”

“ಹಂಗ ಹೇಳಿದ್ರ ಆಕಿ ಹೋಗಂಗಿಲ್ರಿ.”

“ಹೋಗೂದು ಬಿಡೂದು ಆಕಿ ಜವಾಬ್ದಾರಿ. ಅದಕ್ಕ ನಾವೇನ ಮಾಡಾಕ ಬರ್ತೈತಿ? ಇಡ್ತೀನಿ, ಊರು ಬಂತು.”

ಸಂಜೆ ಕಾಳವ್ವ ಬಂದಾಗ ನಾನು ಒಳಗಿನ ಕೋಣೆಯಲ್ಲಿ ಹಾಲು ಕುಡಿಸುತ್ತಿದ್ದೆ. ಅವ್ವ ಬಾಗಿಲಿಗೆ ಹೋದಳು.

“ಅಳಿಯಂದ್ರು ಬ್ಯಾಡಂದ್ರವಾ. ಅವ್ರ ಮಾತ ಮೀರಾಕ ಬರ್ತೈತೇನು? ನೀ ವೋಟ ಹಾಕಿಬಿಡು, ಹದಿನೈದ ದಿನಾ ಬಿಟ್ಟು ಬಾ. ನಿನ್ನ ಮನಿ ಎಲ್ಲಿ ಹೋಗ್ತೈತಿ?”

“ನಂದಾ ಏನಂದ್ಲ್ರಿ?”

“ಆಕಿ ಏನಂತಾಳ. ಆಕೀಗೇನ ತಿಳೀತೈತಿ.”

ನನಗೆ ಎಲ್ಲವೂ ಕೇಳಿಸುತ್ತಿತ್ತು. ಕೂಸು ನಿದ್ದೆಗೆ ಜಾರುತ್ತಿತ್ತು, ಎದ್ದರೆ ಎಚ್ಚರಾಗುತ್ತದೆ ಎಂದು ಕುಳಿತೇ ಇದ್ದೆ. ಎದ್ದು ಹೋಗಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಹೂಂ ಎನ್ನುವುದೂ ಆಗುತ್ತಿರಲಿಲ್ಲ, ಇಲ್ಲ ಎನ್ನುವುದೂ ಆಗುತ್ತಿರಲಿಲ್ಲ. ಚಪ್ಪಲಿಯ ಸದ್ದು ಮೆಟ್ಟಿಲು ಇಳಿದು ಹೋಯಿತು.

ಮತದಾನದ ದಿನ ಬಿಸಿಲೇರುವ ಮೊದಲು ನಾನೂ ಅವ್ವನೂ ಕೂಸನ್ನು ಎತ್ತಿಕೊಂಡು ಹೋದೆವು. ಕೂಸನ್ನು ನೋಡಿ ಪೊಲೀಸು ಹೆಂಗಸು ಸಾಲು ಬಿಟ್ಟು ಮುಂದೆ ಕಳಿಸಿದಳು. ಒಳಗೆ ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಎಡಗೈ ತೋರುಬೆರಳಿಗೆ ಶಾಯಿ ಎಳೆದರು. ಎರಡು ನಿಮಿಷದ ಕೆಲಸ. ವಾಪಸ್ಸು ಬರುವಾಗ ಆಟೋದಲ್ಲಿ ಕೂಸು ನನ್ನ ಕೈ ಹಿಡಿದುಕೊಂಡು, ಈ ತಿಂಗಳು ಕೈಗೆ ಸಿಕ್ಕಿದ್ದೆಲ್ಲವನ್ನೂ ಮಾಡುವಂತೆ, ಬಾಯಿಗೆ ಹಾಕಿಕೊಂಡುಬಿಟ್ಟಿತು. ನಾನು ನೋಡಿದಾಗ ಅದೇ ಬೆರಳನ್ನು ಚೀಪುತ್ತಿತ್ತು. ಎಷ್ಟು ಹೊತ್ತಿನಿಂದಲೋ. ಜಗ್ಗಿಕೊಂಡೆ, ಅತ್ತಿತು. ನೀರು ಹಾಕಿ ಬಾಯಿ ಒರೆಸಿದೆ. ಮನೆಗೆ ಬಂದು ನಾಲಿಗೆ ನೋಡಿದೆ, ಮತ್ತೆ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಗುಲಾಬಿ ಬಣ್ಣದ ನಾಲಿಗೆ, ಎಂದಿನಂತೆ.

ಕಾಳವ್ವ ಎಂದಿನ ಹೊತ್ತಿಗೇ ಬಂದಳು. ನಾನು ಮೊದಲು ನೋಡಿದ್ದು ಅವಳ ಕೈ. ಬೆರಳಿಗೆ ಶಾಯಿ ಇರಲಿಲ್ಲ. ಅವಳು ನೋಡಿದ್ದು ನನ್ನದು.

“ಆತೇನು?” ಎಂದಳು. ಅಷ್ಟೇ. ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಕಾಳವ್ವ, ಎರಿಯೂದು ಆಮ್ಯಾಲ ಆಗ್ಲಿ. ಈಗ ಹೋಗಿ ವೋಟು ಹಾಕಿ ಬಾ. ಸಂಜಿ ಆರರ ತನಕ ಐತಿ. ನಾ ಕೂಸಿನ ಕೊಡ್ತೀನಿ. ಖರೇನ ಕೊಡ್ತೀನಿ.”

“ಮಾಸ್ತರ್ರು?”

“ಅವ್ರಿಗೆ ನಾ ಹೇಳ್ತೀನಿ.”

ಅವಳು ಸೀರೆ ಎತ್ತಿಕಟ್ಟುತ್ತಲೇ ಇದ್ದಳು. “ನಿಂದೂ ಶಾಹೀನಾಂದೂ ಎರಡ ಕೂಸ ಹಿಡಕೊಂಡ್ರ ನನ್ನ ಮನಿ ನಡೀತೈತೇನವಾ? ನೋಡೂಣು ಅಂದ ಎರಡ ಮನಿಯವ್ರಿಗೆ ನಿನ್ನೆ ಸಂಜೀಕನ ಹೇಳಿ ಬಂದೇನಿ, ಶಾಯಿ ಹಚ್ಚಸಂಗಿಲ್ಲ, ಹೆದರಬ್ಯಾಡ್ರಿ ಅಂತ. ನಂದಾನ ಮನ್ಯಾಗ ಏನಂದ್ರು ಅಂತ ಕೇಳಿದ್ರು. ಬ್ಯಾಡಂದ್ರು ಅಂದೆ. ಅಲ್ಲಿಗೆ ಮುಗೀತು.”

“ಈಗ ಅವ್ರಿಗೂ ನಾ ಫೋನ್ ಮಾಡಿ ಹೇಳ್ತೀನಿ.”

“ಹೇಳಬ್ಯಾಡ. ಈಗ ಮಾತ ತಿರುಗಿಸಿದ್ರ ಅವ್ರು ನನ್ನ ಬಳ್ಳ ನೋಡಿ ಹೆದರ್ತಾರ, ಬಾಯಿ ಬಿಟ್ಟು ಹೇಳಂಗಿಲ್ಲ. ಎರಡ ದಿನಕ್ಕ ಕೂಸು ಅತ್ತರೂ ಶಾಯೀನೇ ಅಂತಾರ.” ಅವಳು ಬಚ್ಚಲಿಗೆ ಇಳಿದು, ಕಾಲು ಚಾಚಿ ಕುಳಿತು, ಕೂಸಿಗಾಗಿ ಕೈ ಚಾಚಿದಳು. “ಮತ್ತ ತಪ್ಪ ನಿಂದಂತ ತಿಳ್ಕೋಬ್ಯಾಡ. ತಪ್ಪ ನಂದ ಐತಿ. ಮನಿ ಹೋದ್ರ ಹೋಗ್ಲಿ ಅಂತ ಹೋಗಬಹುದಿತ್ತು. ಹೋಗಲಿಲ್ಲ. ಅಷ್ಟ. ಕೊಡ ಇಲ್ಲಿ, ನೀರ ಆರತಾವ.”

ಕೂಸನ್ನು ಕೊಟ್ಟೆ. ಎಣ್ಣೆ, ನೀರು, ಲೋಬಾನದ ಹೊಗೆ ಎಲ್ಲ ಎಂದಿನಂತೆ ನಡೆಯಿತು. ಕೊನೆಗೆ ಅವಳು ಬೆರಳನ್ನು ಕೂಸಿನ ಬಾಯಿಗೆ ಹಾಕಿದಳು. ನಾನು ನನ್ನ ಕೈಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದೆ.

ತಪ್ಪು ತನ್ನದು ಎಂದು ಅವಳು ಹೇಳಿದ್ದನ್ನು ನಾನು ಆ ಇಡೀ ದಿನ ತಿರುವಿ ಹಾಕಿದೆ. ಅದು ಪೂರ್ತಿ ಸುಳ್ಳಲ್ಲ. ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ. ಮತಗಟ್ಟೆ ಅವಳ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವೇ ಇತ್ತು. ಆದರೆ ಅವಳಿಗೆ ಆ ಬೆರಳಿನ ಬೆಲೆ ಮೂರು ಮನೆ, ನನಗೆ ಏನೂ ಇಲ್ಲ. ಇಬ್ಬರನ್ನೂ ಒಂದೇ ಮಾತಿನಲ್ಲಿ ತೂಗುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕೂಸು ಎದ್ದಿತು, ಕರೆಂಟು ಹೋಯಿತು, ಬೀಸಣಿಗೆ ಹುಡುಕುತ್ತ ಆ ಯೋಚನೆ ಅಲ್ಲಿಗೇ ಬಿತ್ತು.

ಮುಚ್ಚಂಜೆಗೆ ನಮ್ಮವರ ಫೋನು ಬಂತು. ಮಷೀನಿಗೆ ಸೀಲು ಹಾಕಿ ಬಸ್ಸು ಕಾಯುತ್ತಿದ್ದರು. ದನಿ ಬತ್ತಿಹೋಗಿತ್ತು.

“ನಮ್ಮ ಬೂತಿನಾಗ ಮೂರರಾಗ ಒಂದ ಪಾಲು ಮಂದಿ ಬರ್ಲೇ ಇಲ್ಲ ನಂದಾ. ಎಷ್ಟ ಹೇಳಿದ್ರೂ ಅಷ್ಟ. ಜವಾಬ್ದಾರಿ ಅನ್ನೂದು ಇಲ್ಲ ಮಂದೀಗೆ.”

“ಕಾಳವ್ವನೂ ಹೋಗಲಿಲ್ರಿ,” ಎಂದೆ.

“ಹೌದಾ? ಯಾಕಂತ?”

ಅವರು ನಿಜವಾಗಿಯೂ ಕೇಳುತ್ತಿದ್ದರು. ಮರೆತೇ ಹೋಗಿತ್ತು ಅವರಿಗೆ. ಎರಡು ದಿನದಿಂದ ನಿದ್ದೆಯಿಲ್ಲದ ಮನುಷ್ಯ. ನನಗೆ ಜಗಳಕ್ಕೆ ಶಕ್ತಿ ಇರಲಿಲ್ಲ.

“ನಾವು ಬ್ಯಾಡ ಅಂದಿದ್ವಿ,” ಎಂದೆ.

“ಅದು ಬ್ಯಾರೆ ಮಾತು,” ಎಂದರು ಅವರು. ಆಮೇಲೆ, “ಕೂಸು ಹೆಂಗೈತಿ?” ಎಂದರು.

“ಅರಾಮ ಐತಿ. ಮುಂಜಾನೆ ನನ್ನ ಶಾಯಿ ಬಳ್ಳ ಚೀಪ್ತು. ಏನೂ ಆಗಿಲ್ಲ.”

ಬಸ್ಸು ಬಂತೆಂದು ಫೋನು ಇಟ್ಟರು.

ಮರುದಿನ ಕಾಳವ್ವ ಬಂದಾಗ ನಾನು ಬಾಗಿಲಿಗೇ ಹೋಗಿ ನಿಂತೆ. ರಾತ್ರಿಯೆಲ್ಲ ಕೂಸನ್ನು ತಟ್ಟುತ್ತ ಕೂಡಿಸಿಟ್ಟುಕೊಂಡ ಮಾತನ್ನು ಒಂದೇ ಉಸಿರಿಗೆ ಹೇಳಿದೆ. “ಮುಂದಿನ ಸಲ ಹಿಂಗಾಗಬಾರದು ಕಾಳವ್ವ. ಮುಂದಿನ ಎಲೆಕ್ಷನ್ನಿಗೆ ನಾನೇ ನಿನ್ನ ಕರಕೊಂಡ ಹೋಗ್ತೀನಿ. ಯಾರ ಏನ್ ಅಂದ್ರೂ ಕೇಳಂಗಿಲ್ಲ.”

ಅವಳು ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು, ನನ್ನ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು ಇತ್ತು ಅವಳಿಗೆ. ನನಗೂ ಇದ್ದಿರಬೇಕು.

“ಮುಂದಿನ ಸಲಕ್ಕ ನಿನ್ನ ಕೂಸು ಓಡ್ಯಾಡತಿರ್ತೈತಿ ತಂಗೀ. ನೀ ಬಬಲೇಶ್ವರದಾಗ ಇರ್ತೀ. ಇಲ್ಲಿ ಬ್ಯಾರೆ ಕೂಸ ಇರ್ತಾವ, ಬ್ಯಾರೆ ತಾಯಿಗೋಳ ಇರ್ತಾರ. ಅವ್ರನ್ನ ಕೇಳಬೇಕು ಆವಾಗ.”

ನಾನು ಬಾಗಿಲಿನಿಂದ ಸರಿದೆ. ಅವಳು ಒಳಗೆ ಬಂದು ಹಂಡೆಯ ಮೇಲಿನ ಮುಚ್ಚಳ ತೆಗೆದು ನೋಡಿ, ನೀರು ಇನ್ನೂ ಕಾಯಬೇಕು ಎಂದಳು.